ನೈಜೀರಿಯಾದ 22 ಕೋಟಿ: ಎಣಿಸಿದ್ದು ಯಾರು?

ಸಂಪಾದಕರೇ,

ನೈಜೀರಿಯಾದ ಜನಸಂಖ್ಯೆ 22 ಕೋಟಿ ದಾಟಿದೆ ಎಂದು ಪತ್ರಿಕೆಗಳು ಬರೆಯುತ್ತವೆ, ಆದರೆ ಅದು ತಲೆ ಎಣಿಸಿ ಸಿಕ್ಕ ಲೆಕ್ಕವಲ್ಲ. ಅಲ್ಲಿ ಕೊನೆಯ ಜನಗಣತಿ ನಡೆದದ್ದು 2006ರಲ್ಲಿ, ಆಗ ಬಂದ ಲೆಕ್ಕ ಸುಮಾರು 14 ಕೋಟಿ. 2023ರದ್ದು ಮುಂದಕ್ಕೆ ಹೋಯಿತು. ರಾಜ್ಯಗಳಿಗೆ ಸಿಗುವ ಕೇಂದ್ರದ ಹಣಕ್ಕೂ ಸಂಸತ್ತಿನ ಕೆಳಮನೆಯ ಸೀಟುಗಳಿಗೂ ಜನಸಂಖ್ಯೆ ಒಂದು ಮುಖ್ಯ ಅಳತೆ, ಹಾಗಾಗಿ ಗಣತಿ ಎಂದರೆ ಉತ್ತರಕ್ಕೂ ದಕ್ಷಿಣಕ್ಕೂ ಜಗಳ, 1973ರ ಗಣತಿಯನ್ನಂತೂ ರದ್ದೇ ಮಾಡಿದರು. 2006ರಲ್ಲಿ ಧರ್ಮ, ಬುಡಕಟ್ಟು ಯಾವುದನ್ನೂ ಕೇಳಲೇ ಇಲ್ಲ. ಹೀಗಿರುವಾಗ ಮುಸ್ಲಿಮರು ಇಷ್ಟು, ಕ್ರೈಸ್ತರು ಇಷ್ಟು ಅಂತ ಸುಮ್ನೆ ಬರೆಯುವುದು ತಪ್ಪಲ್ವಾ? ಇಂಥ ಅಂಕಿಗಳ ಪಕ್ಕದಲ್ಲಿ ‘ಅಂದಾಜು’ ಎಂದು ಹಾಕಿ, ಕೊನೆಯ ಗಣತಿ ಯಾವ ವರ್ಷದ್ದೆಂದೂ ತಿಳಿಸಿ.

– ಒಬ್ಬ ಓದುಗ, ಧಾರವಾಡ