ಅಟ್ಟದ ಮೇಲಿನ ಪೀಪಾಯಿಗಳು

ಪುಟ್ಟೀ,

ಊರಿಗೆ ಬಂದು ಮೂರು ದಿನ ಆಯಿತು. ಶಿರಸಿಯಲ್ಲಿ ಮಳೆ ಹಿಡಿದಿದೆ. ನಿನ್ನ ಪರೀಕ್ಷೆ ಗಡಿಬಿಡಿಯಲ್ಲಿ ಇಟಲಿಯ ಮೊಡೆನಾ ಕಡೆ ನಾವು ಸುತ್ತಿದ್ದನ್ನು ಹೇಳಲೇ ಆಗಲಿಲ್ಲ. ನೀನಿರುವ ಬೊಲೋನ್ಯಾದಿಂದ ರೈಲಿನಲ್ಲಿ ಬರೀ ಅರ್ಧ ಗಂಟೆ. ಎರಡು ವರ್ಷದಿಂದ ಅಲ್ಲಿದ್ದೂ ಆ ಜಿಲ್ಲೆಯಲ್ಲಿ ನೀನು ನೋಡಿದ್ದು ಫೆರಾರಿ ಮ್ಯೂಸಿಯಂ ಒಂದೇ, ಅಲ್ವಾ?

ಮೊಡೆನಾದ ದೊಡ್ಡ ಚರ್ಚನ್ನು 1099ರಲ್ಲಿ ಕಟ್ಟಲು ಶುರು ಮಾಡಿದ್ದಂತೆ. ಮುಂದಿನ ಗೋಡೆಯಲ್ಲಿ ನೋಹನ ಹಡಗು ಕೆತ್ತಿದ್ದಾರೆ, ಚೆನ್ನಾಗಿದೆ. ಪಕ್ಕದ 86 ಮೀಟರಿನ ಗೋಪುರ ನೋಡಿ ನಿಮ್ಮಪ್ಪ ಮಂಡಿ ನೋವು ಅಂದರು. ಸರಿ, ವಿನ್ಯೋಲಾಕ್ಕೆ ಹೋಗಿ ಚೆರ್ರಿ ತಿಂದೆವು. ಜೂನ್ ತಿಂಗಳಲ್ವಾ, ಕಪ್ಪಗೆ ಹಣ್ಣಾಗಿದ್ದವು.

ಅಲ್ಲಿಂದ ಮೇಲೆ ಗುಡ್ಡದೂರುಗಳಲ್ಲಿ ಬೊರ್ಲೆಂಗೊ ಅಂತ ಮಾಡುತ್ತಾರೆ. ಹಿಟ್ಟು, ನೀರು, ಉಪ್ಪು, ಅಗಲ ಕಾವಲಿ. ಥೇಟ್ ನಮ್ಮ ತೆಳ್ಳೇವು ದೋಸೆ! ಖುಷಿಪಟ್ಟು ಕೂತರೆ, ಒಳಗೆ ಹಂದಿ ಕೊಬ್ಬಿನ ಮಸಾಲೆ ಸವರುವುದಕ್ಕೆ ಬಂದರು. ಬೇಡ ಬೇಡ ಅಂತ ಕೈಸನ್ನೆ ಮಾಡಿ ಬರೀ ಚೀಸ್ ಹಾಕಿಸಿಕೊಂಡೆವು. ಅವರಿಗೆ ಪಾಪ ಬೇಜಾರಾಯಿತು.

ನಾನು ಹೇಳಬೇಕೆಂದಿದ್ದು ಸ್ಪಿಲಂಬೆರ್ತೊದ ಒಂದು ಮನೆಯ ಅಟ್ಟದ ಬಗ್ಗೆ. ಅಲ್ಲಿ ಬಾಲ್ಸಾಮಿಕ್ ವಿನೆಗರ್ ಮಾಡುತ್ತಾರೆ. ನೀನು ಸಲಾಡಿಗೆ ಸುರಿಯುವ ಅಂಗಡಿಯದ್ದಲ್ಲ, ಅದಕ್ಕೆ ವೈನ್ ವಿನೆಗರ್ ಬೆರೆಸಿರುತ್ತಾರೆ. ಇದು ಬರೀ ದ್ರಾಕ್ಷಿ ರಸ. ಗಂಟೆಗಟ್ಟಲೆ ಕಾಯಿಸುತ್ತಾರೆ, ನಮ್ಮ ಆಲೆಮನೆ ಕೊಪ್ಪರಿಗೆಯ ಹಾಗೆ. ಆಮೇಲೆ ಅಟ್ಟದಲ್ಲಿ ಸಾಲಾಗಿ ಪೀಪಾಯಿಗಳು, ದೊಡ್ಡದರಿಂದ ಚಿಕ್ಕದಕ್ಕೆ. ಓಕ್, ಚೆರ್ರಿ, ಹಿಪ್ಪುನೇರಳೆ, ಒಂದೊಂದು ಒಂದೊಂದು ಮರದ್ದು. ಬಾಯಿಗೆ ಬಟ್ಟೆ ಮುಚ್ಚಿರುತ್ತಾರೆ. ವರ್ಷಕ್ಕೊಮ್ಮೆ ಚಿಕ್ಕದರಿಂದ ಸ್ವಲ್ಪ ತೆಗೆದು, ಅದಕ್ಕೆ ಪಕ್ಕದ್ದರಿಂದ ತುಂಬಿಸುತ್ತಾ ಬರುತ್ತಾರೆ. ಹೊಸ ರಸ ದೊಡ್ಡದಕ್ಕೆ. ಅಟ್ಟವೇ ಯಾಕೆ ಅಂದರೆ ಬೇಸಿಗೆಯ ಸೆಕೆಯೂ ಬೇಕು, ಚಳಿಯೂ ಬೇಕು. ಕಡಿಮೆ ಅಂದರೂ 12 ವರ್ಷ. ಒಳ್ಳೆಯದಕ್ಕೆ 25.

ಹಿಂದೆಲ್ಲ ಮನೆಯಲ್ಲಿ ಹೆಣ್ಣು ಮಗು ಹುಟ್ಟಿದರೆ ಅವಳ ಹೆಸರಲ್ಲಿ ಒಂದು ಸಾಲು ಪೀಪಾಯಿ ಶುರು ಮಾಡುತ್ತಿದ್ದರಂತೆ. ಮದುವೆಯಾದಾಗ ಅವಳ ಜೊತೆಗೇ ಹೋಗುತ್ತಿತ್ತು. ಆ ಮನೆಯ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಅಜ್ಜಿ ತಲೆಯಾಡಿಸುತ್ತಿದ್ದರು. ನಾನು ಲೆಕ್ಕ ಹಾಕಿದೆ. ನಿನಗೆ 24. ನಾವೂ ಇಟ್ಟಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು. ನಮ್ಮ ಅಟ್ಟದಲ್ಲಿ ನಿನ್ನ ಹೆಸರಿಗೆ ಏನಿದೆ? ತೊಟ್ಟಿಲು, ಅಷ್ಟೇ.

12 ವರ್ಷದ್ದು ತಂದಿದ್ದೇವೆ, 100 ಎಂಎಲ್ ಪುಟಾಣಿ ಬಾಟಲಿ. ಬೆಲೆ ಕೇಳಬೇಡ. ಅಪ್ಪ ಹನಿ ಹನಿ ಬಿಟ್ಟುಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದಾರೆ.

ಪರೀಕ್ಷೆ ಮುಗಿದ ಮೇಲೆ ನೀನೂ ಹೋಗಿ ಬಾ. ಈ ಸಲ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ, ಒಂದು ಬಾಟಲಿ ಆ ಅಜ್ಜಿಗೆ ಕೊಡು. ಖಾರ ಜಾಸ್ತಿ ಅಂತ ಮೊದಲೇ ಹೇಳಿಬಿಡು.

ನಿನ್ನ
ಅಮ್ಮ