ನಕ್ಷೆಯಲ್ಲಿ ಗುಡ್ಡವಿದೆ, ಬುಡದ ಅಂಗಡಿ ಇಲ್ಲ
ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿ ಎಲ್ಲವೂ ಮಣ್ಣಿನ ಪಾಲಾದವು. ಅಷ್ಟು ಮಣ್ಣು ಒಮ್ಮೆಲೇ ಪಕ್ಕದ ಗಂಗಾವಳಿ ನದಿಗೆ ಬಿದ್ದಾಗ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಉಳುವರೆಯವರು ಕಾಲ ಕೆಳಗೆ ಗುಡ್ಡವಿಲ್ಲ, ತಲೆಯ ಮೇಲೂ ಇಲ್ಲ ಎಂದುಕೊಂಡು ನದಿಯ ಆಚೆ ಬದುಕಿದ್ದವರು. ಯಾವ ಇಳಿಜಾರಿನ ನಕ್ಷೆ ಅವರನ್ನು ಅಪಾಯದಲ್ಲಿರುವವರೆಂದು ಗುರುತಿಸುತ್ತಿತ್ತು?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಪಶ್ಚಿಮ ಘಟ್ಟದ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ಮಾಡಿದೆ. ಕೆಲಸ ಒಳ್ಳೆಯದೇ. ಆದರೆ ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಹತ್ತು ಮೀಟರ್ ಅಗಲದ ಅಂಗಡಿ ಅಲ್ಲಿ ಸೂಜಿಮೊನೆಯಷ್ಟೂ ಕಾಣುವುದಿಲ್ಲ. ಗುಡ್ಡ ಜಾರೀತೇ ಎಂದು ನಕ್ಷೆ ಹೇಳುತ್ತದೆ. ಜಾರಿದರೆ ಯಾರ ಮೇಲೆ, ಯಾವ ಹೊತ್ತಿನಲ್ಲಿ, ಅವರು ಓಡಬಲ್ಲರೇ ಎಂಬುದನ್ನು ಊರಿನಲ್ಲಿ ನಡೆದು ನೋಡಿಯೇ ಬರೆಯಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ತಾವೇ. ಜಿಲ್ಲೆಯ ಯಾವ ಭಾಗ ಯಾವ ವಿಪತ್ತಿಗೆ ಈಡಾಗಬಹುದು ಎಂಬುದು ಜಿಲ್ಲಾ ಯೋಜನೆಯಲ್ಲಿರಬೇಕು, ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಆ ಭಾಗವನ್ನು ತಾಲ್ಲೂಕಿನ ಹೆಸರು ಬರೆದು ಮುಗಿಸಬೇಡಿ. ಹೆದ್ದಾರಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದ ಧರೆಗಳು ಎಷ್ಟು, ಜಂಬಿಟ್ಟಿಗೆಯ ಕೆಳಗೆ ನೀರು ಕುಡಿದರೆ ಜಾರುವ ಶೇಡಿ ಮಣ್ಣು ಎಲ್ಲೆಲ್ಲಿ ಬಾಯಿ ತೆರೆದಿದೆ, ಗುಡ್ಡದ ನೀರು ಇಳಿಯುವ ದಾರಿಯನ್ನು ಎಲ್ಲಿ ಮುಚ್ಚಲಾಗಿದೆ, ಬುಡದಲ್ಲಿ ಮನೆ, ಗೂಡಂಗಡಿ, ಲಾರಿ ನಿಲ್ಲುವ ಜಾಗ ಯಾವುದು, ಇವೆಲ್ಲ ಸರ್ವೆ ನಂಬರ್ ಸಹಿತ ಪಟ್ಟಿಯಾಗಿ ಬರಲಿ. 2021ರ ಜುಲೈನಲ್ಲಿ ಗುಡ್ಡ ಜಾರಿ ಅಡಿಕೆ ತೋಟಗಳು ಹೋದ ಯಲ್ಲಾಪುರದ ಕಳಚೆಯಂಥ ಊರಿಗೆ ಬೇರೆಯೇ ಲೆಕ್ಕ ಬೇಕು. ಅಲ್ಲಿ ಬಿರುಕು, ಹೊಸ ಒರತೆ, ವಾಲಿದ ಮರಗಳನ್ನು ತೋರಿಸಬಲ್ಲವರು ತೋಟದ ಜನ.

ಮಳೆಯ ವಿಷಯವೂ ಹೀಗೆಯೇ. ಕಡಲ ಬದಿಯ ಕಾರವಾರಕ್ಕೂ ಘಟ್ಟದ ಮೇಲಿನ ಮುಂಡಗೋಡಿಗೂ ಸೇರಿಸಿ ಇಡೀ ಜಿಲ್ಲೆಗೆ ಒಂದೇ ರೆಡ್ ಅಲರ್ಟ್ ಕೊಟ್ಟರೆ ಶಾಲೆಗೆ ರಜೆ ಸಿಗುತ್ತದೆ. ಧರೆಯ ಕೆಳಗೆ ಲಾರಿ ನಿಲ್ಲಿಸುವುದು ತಪ್ಪುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಕೆಲವು ದಿನಗಳ ಒಟ್ಟು ಮಳೆ ಎಷ್ಟಾದರೆ ಯಾವ ರಸ್ತೆ ಬಂದ್, ಆದೇಶ ಹೊರಡಿಸುವ ಅಧಿಕಾರಿ ಯಾರು ಎಂಬುದು ಮೊದಲೇ ನಿಗದಿಯಾಗಲಿ.

ಮಳೆಗಾಲಕ್ಕೆ ಮುಂಚೆ ಈ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಬಿಟ್ಟುಹೋದದ್ದನ್ನು ಜನ ಸೇರಿಸುತ್ತಾರೆ, ಜಗಳವನ್ನೂ ಆಡುತ್ತಾರೆ, ಆಡಲಿ. ಜೂನ್‌ನಲ್ಲಿ ಬಾಗಿಲಿಗೆ ‘ಮನೆ ಖಾಲಿ ಮಾಡಿ’ ಎಂಬ ನೋಟಿಸ್ ಅಂಟಿಸಿ ಹೋಗುವುದು ಮಾತ್ರ ಬೇಡ. ಪಟ್ಟಿಯ ಪ್ರತಿ ಮನೆಯ ಎದುರು, ಆ ಮನೆಯವರು ರಾತ್ರಿ ಎಲ್ಲಿ ಮಲಗಬೇಕು, ದನಕರುಗಳನ್ನು ಎಲ್ಲಿ ಕಟ್ಟಬೇಕು, ಅಲ್ಲಿಗೆ ಕರೆದೊಯ್ಯುವ ವಾಹನ ಯಾರದು ಎಂಬುದೂ ಬರೆದಿರಲಿ.

ಇಂತಿ,
ಗಂಗಾವಳಿ ದಂಡೆಯ ನಿವಾಸಿ