ರಾತ್ರಿಯ ಇಂಜೆಕ್ಷನ್ ಬಿಡಬೇಡ ಪುಟ್ಟಿ

ಪುಟ್ಟಿ,

ಜೀನ್ ಟೆಸ್ಟ್ ರಿಪೋರ್ಟ್ ಓದಿ ನಿನ್ನೆ ಫೋನಿನಲ್ಲಿ "ನೀವಿಬ್ಬರೂ ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ನನಗೆ ಹೀಗಾಯ್ತು, ಇನ್ನು ಬೆಳವಣಿಗೆ ಹಾರ್ಮೋನ್ ಇಂಜೆಕ್ಷನ್ ಹಾಕಿಕೊಳ್ಳಲ್ಲ" ಅಂದೆಯಲ್ಲ, ಮೊದಲನೆಯ ಮಾತನ್ನು ತಡೆದುಕೊಂಡೆ. ಎರಡನೆಯದು ಕೇಳಿ ನಿದ್ದೆ ಬರಲಿಲ್ಲ. ನಾನೂ ದನಿ ಏರಿಸಿದೆ, ಕ್ಷಮಿಸು.

ಆಸ್ಪತ್ರೆಗಳ ಕಥೆ ಇಬ್ಬರಿಗೂ ಗೊತ್ತು, ಬಿಡು. ಎಂಆರ್‌ಐಯಲ್ಲಿ 'ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ) ಚಿಕ್ಕದು' ಅಂತಿರುವುದಕ್ಕೆ ಹೆದರಿದ್ದೀಯ, ಅದನ್ನು ಹೇಳುತ್ತೇನೆ. ಮೆದುಳಿನ ಹೈಪೋಥಲಮಸ್‌ನಿಂದ ಜಿಎಚ್‌ಆರ್‌ಎಚ್ ಎಂಬ ಹಾರ್ಮೋನ್ ಬಂದು 'ಬೆಳವಣಿಗೆ ಹಾರ್ಮೋನ್ ಬಿಡು' ಎಂದು ಪಿಟ್ಯುಟರಿಗೆ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿಯೇ ಅಲ್ಲಿನ ರಿಸೆಪ್ಟರ್. 423 ಅಮೈನೋ ಆಮ್ಲಗಳ ಉದ್ದ ಇರಬೇಕಾದ ಆ ರಿಸೆಪ್ಟರ್ ಪ್ರೋಟೀನ್, ಜೀನ್‌ನಲ್ಲಿನ ಒಂದು ಬದಲಾವಣೆಯಿಂದ, ನಿನ್ನಲ್ಲಿ 72ನೇ ಜಾಗಕ್ಕೇ ನಿಂತುಬಿಡುತ್ತದೆ. ಮಾತು ತಲುಪದಿದ್ದರೆ ಹಾರ್ಮೋನ್ ಬರುವುದಿಲ್ಲ, ಅದನ್ನು ತಯಾರಿಸುವ ಕೋಶಗಳೂ ಹೆಚ್ಚುವುದಿಲ್ಲ. ಗ್ರಂಥಿ ಚಿಕ್ಕದಾಗಿರುವುದು ಅದಕ್ಕೇ. ಗಡ್ಡೆಯೇನೂ ಅಲ್ಲ.

ಇದೇ ಬದಲಾವಣೆಯನ್ನು 1996ರಲ್ಲಿ ಭಾರತ ಮೂಲದ ಒಂದು ಕುಟುಂಬದಲ್ಲಿ ಗುರುತಿಸಿದರು. ಆಮೇಲೆ ಪಾಕಿಸ್ತಾನದ ಸಿಂಧ್‌ನಲ್ಲೂ ಶ್ರೀಲಂಕಾದ ತಮಿಳು ಕುಟುಂಬದಲ್ಲೂ ಸಿಕ್ಕಿತು. ಬ್ರೆಜಿಲ್‌ನ ಇಟಬಯಾನಿನ್ಯಾ ಕಡೆ ಇದೇ ಜೀನ್‌ನ ಬೇರೊಂದು ದೋಷ ಇರುವವರು ತುಂಬಾ ಜನ. ಔಷಧಿಯೇ ಇಲ್ಲದೆ ಕುಳ್ಳಗೆ ಉಳಿದವರೂ ಮದುವೆಯಾಗಿ, ಮಕ್ಕಳಾಗಿ, ಮುಪ್ಪಿನವರೆಗೂ ಬದುಕಿದ್ದಾರೆ.

ಅಪ್ಪನಲ್ಲೂ ನನ್ನಲ್ಲೂ ಈ ಜೀನ್‌ನ ಕೆಟ್ಟ ಪ್ರತಿ ಒಂದೊಂದು, ಒಳ್ಳೆಯದು ಒಂದೊಂದು. ಒಳ್ಳೆಯದು ಒಂದಿದ್ದರೆ ಸಾಕಾಗುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗಲಿಲ್ಲ. ನಿನಗೆ ಮಾತ್ರ ಎರಡೂ ಕೆಟ್ಟವೇ ಬಂದವು. ಅಪ್ಪ ನನ್ನ ಸೋದರತ್ತೆಯ ಮಗ ಅಲ್ವಾ, ಇಬ್ಬರಿಗೂ ಒಂದೇ ಅಜ್ಜ ಅಜ್ಜಿ. ಸಂಬಂಧದ ಮದುವೆಯಲ್ಲಿ ಇದು ಜಾಸ್ತಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿನ್ನ ಅಪ್ಪನನ್ನು ಮದುವೆಯಾದದ್ದಕ್ಕೆ ನನಗೆ ಬೇಸರವಿಲ್ಲ. ನಾಳೆ ನಿನ್ನ ಮಕ್ಕಳಿಗೆ ಒಂದು ಪ್ರತಿ ಹೋಗಿಯೇ ಹೋಗುತ್ತದೆ. ಹುಡುಗನಿಂದಲೂ ಇನ್ನೊಂದು ಬಂದರೆ ಮಾತ್ರ ತೊಂದರೆ. ಅದಕ್ಕೇ ನೆಂಟರಲ್ಲಿ ಬೇಡ, ಯಾರು ಎಷ್ಟೇ ಒತ್ತಾಯ ಮಾಡಲಿ, ಮೊದಲು ಹುಡುಗನಿಗೆ ಟೆಸ್ಟ್ ಮಾಡಿಸು. ಈಗಲೇ ಹೇಳಿಡುತ್ತಿದ್ದೇನೆ.

ಇಂಜೆಕ್ಷನ್ ಮಾತ್ರ ಬಿಡಬೇಡ. ಬೆಳವಣಿಗೆ ಹಾರ್ಮೋನ್ ಹೋಗಿ ಸೇರುವ ರಿಸೆಪ್ಟರ್ ಬೇರೆಯದು, ಲಿವರ್‌ನಲ್ಲೂ ಮೂಳೆಯಲ್ಲೂ ಇರುವಂಥದ್ದು, ನಿನಗೆ ಅದು ಸರಿಯಾಗಿಯೇ ಇದೆ. ಜಿಎಚ್‌ಆರ್‌ಎಚ್ ಕೊಟ್ಟರೆ ನಿನಗೆ ಪ್ರಯೋಜನವಿಲ್ಲ, ಹಾರ್ಮೋನನ್ನೇ ನೇರವಾಗಿ ಕೊಟ್ಟಿದ್ದಕ್ಕೇ ನೀನು ಬೆಳೆದದ್ದು. ಎಕ್ಸ್-ರೇಯಲ್ಲಿ ಮೂಳೆಯ ತುದಿಗಳು ಇನ್ನೂ ಮುಚ್ಚಿಲ್ಲ. ಮುಚ್ಚಿದ ಮೇಲೆ ಎಷ್ಟು ಚುಚ್ಚಿದರೂ ಎತ್ತರ ಬರುವುದಿಲ್ಲ ಪುಟ್ಟಿ, ಆ ಕಾಲ ಮತ್ತೆ ಸಿಗುವುದಿಲ್ಲ. ರೂಮಿನ ಹುಡುಗಿಯರು ನೋಡುತ್ತಾರೆ ಅಂತ ಬಿಡುತ್ತಿದ್ದೀಯಾ? ಆಗಲೇ ಎಷ್ಟು ರಾತ್ರಿ ತಪ್ಪಿದೆ? ಬಿಟ್ಟಿದ್ದನ್ನು ಸೇರಿಸಿ ಒಂದೇ ಸಲ ಜಾಸ್ತಿ ಹಾಕಿಕೊಳ್ಳಬೇಡ. ಇಂಜೆಕ್ಷನ್ ಪೆನ್ನು 2ರಿಂದ 8 ಡಿಗ್ರಿಯಲ್ಲೇ ಇರಲಿ, ಯಾರಾದರೂ ಫ್ರೀಜರ್‌ಗೆ ತಳ್ಳಿದರೆ ಹಾಳು. ಮಲಗುವ ಮುಂಚೆಯೇ ಹಾಕಿಕೊ, ಸಾಮಾನ್ಯವಾಗಿ ದೇಹದಲ್ಲಿ ಈ ಹಾರ್ಮೋನ್ ಜಾಸ್ತಿ ಬರುವುದು ಗಾಢ ನಿದ್ದೆಯಲ್ಲಿ. ಮತ್ತೆ ಅದೇ ಹೇಳುತ್ತಿದ್ದೇನೆ, ಗೊತ್ತು. ಅಪ್ಪನಿಗೇ ಕೈ ನಡುಗುತ್ತಿದ್ದಾಗ ನೀನು ಸೂಜಿ ಇಸಿದುಕೊಂಡು ನೀನೇ ಹಾಕಿಕೊಂಡವಳು. ಅಂಥವಳು ಹಾಸ್ಟೆಲ್ ಹುಡುಗಿಯರ ಮಾತಿಗೆ ಹೆದರುವುದೇ?

ಮುಂದಿನ ತಿಂಗಳು ರಕ್ತ ಪರೀಕ್ಷೆಗೆ ನಾನೇ ಬರುತ್ತೇನೆ. ಫ್ರಿಜ್ ವಿಷಯ ವಾರ್ಡನ್ ಮೇಡಂ ಹತ್ತಿರ ನೀನೇ ಮಾತಾಡುತ್ತೀಯಾ, ನಾನು ಫೋನ್ ಮಾಡಲಾ? ಬೇಗ ಹೇಳು.

ಅಮ್ಮ